ಮೊದಲ ವಿಶ್ವಕಪ್‌ನಲ್ಲಿ ಫ್ರಾನ್ಸ್ ನಾಯಕ ಯಾರು ಗೊತ್ತುಂಟಾ?

ವಿಶ್ವಕಪ್ ಫುಟ್ಬಾಲ್ ಬಂತೆಂದರೆ ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆ ರಸ್ತೆ ಬದಿ ಹೇಗಿರುತ್ತದೆ ಎಂದು ಇಲ್ಲಿನ ಓದುಗರಿಗೆ ಹೇಳಬೇಕಾಗಿಲ್ಲ. ಇಂದು ಅರ್ಜೆಂಟೀನಾದವರು ಒಂದು ಫ್ಲೆಕ್ಸ್ ಕಟ್ಟಿದರೆ ನಾಳೆ ಬೆಳಗ್ಗೆ ಅದಕ್ಕಿಂತ ಎತ್ತರದಲ್ಲಿ ಬ್ರೆಝಿಲ್‌ನವರದ್ದು ಇರುತ್ತದೆ. ಈಚಿನ ವರ್ಷಗಳಲ್ಲಿ ಫ್ರಾನ್ಸ್‌ನ ನೀಲಿ ಜೆರ್ಸಿಗೂ ನಮ್ಮಲ್ಲಿ ಅಭಿಮಾನಿಗಳಿದ್ದಾರೆ. ಝಿದಾನ್, ಬೆಂಝೆಮಾ, ಪೋಗ್ಬಾ, ಕಾಂಟೆ ಅಂಥ ಹೆಸರುಗಳು ಅದಕ್ಕೆ ಕಾರಣ. ಅಲ್ಜೀರಿಯಾದಿಂದ ಕೂಲಿ ಕೆಲಸಕ್ಕೆಂದು ಹೋದ ಕುಟುಂಬದ ಹುಡುಗ 1998ರ ಫೈನಲ್‌ನಲ್ಲಿ ತಲೆಯಿಂದ ಎರಡು ಗೋಲು ಹೊಡೆದದ್ದನ್ನು ನೋಡಿದವರು ಇಂದಿಗೂ ಅದನ್ನು ಮರೆತಿಲ್ಲ.

ಆ 1998ರ ತಂಡದ ನಾಯಕ ಯಾರು ಎಂದರೆ ಹುಡುಗರು ಥಟ್ಟನೆ ದೆಶಾಂ ಎನ್ನುತ್ತಾರೆ. 2018ರದ್ದು ಕೇಳಿದರೆ ಲೋರಿಸ್. ಹಾಗಾದರೆ 1930ರಲ್ಲಿ, ವಿಶ್ವಕಪ್ ಎಂಬುದು ಶುರುವಾದ ಮೊದಲ ದಿನ, ಮೊದಲ ಪಂದ್ಯದಲ್ಲಿ ಫ್ರಾನ್ಸ್ ತಂಡವನ್ನು ಮೈದಾನಕ್ಕೆ ಕರೆದುಕೊಂಡು ಬಂದ ನಾಯಕ ಯಾರು? ಈ ಪ್ರಶ್ನೆಗೆ ಉತ್ತರ ಗೊತ್ತಿರುವವರು ಕಡಿಮೆ. ಆತನ ಹೆಸರು ಅಲೆಕ್ಸಾಂದ್ರ್ ವಿಲಾಪ್ಲಾನ್. ಆ ಪಂದ್ಯ ನಡೆದು ಹದಿನಾಲ್ಕೂವರೆ ವರ್ಷವಾದ ಮೇಲೆ, 1944ರ ಡಿಸೆಂಬರ್ ಕೊನೆಯ ವಾರದಲ್ಲಿ, ಪ್ಯಾರಿಸ್ ಹೊರವಲಯದ ಮೋಂರೂಜ್ ಕೋಟೆಯಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ಗುಂಡಿಕ್ಕಿ ಕೊಂದರು. ಕೊಂದದ್ದು ಶತ್ರುಗಳಲ್ಲ. ಅವನ ದೇಶವೇ, ವಿಚಾರಣೆ ನಡೆಸಿ, ದೇಶದ್ರೋಹಕ್ಕೆ ಕೊಟ್ಟ ಶಿಕ್ಷೆ ಅದು.

ಆಟಗಾರರ ಬಗ್ಗೆ ಬರೆಯುವಾಗ 'ಅವರು' ಎಂದು ಬರೆಯುವುದು ನಮ್ಮ ಅಭ್ಯಾಸ. ಈ ಮನುಷ್ಯನಿಗೆ ಅದನ್ನು ಕೊಡಲು ಕೈ ಬರುವುದಿಲ್ಲ, ಓದುಗರು ಕ್ಷಮಿಸಬೇಕು.

ಅಲ್ಜಿಯರ್ಸ್‌ನ ಹುಡುಗ

ವಿಲಾಪ್ಲಾನ್ ಹುಟ್ಟಿದ್ದು 1904ರ ಸುಮಾರಿಗೆ, ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸ್‌ನಲ್ಲಿ. ಅಲ್ಜೀರಿಯಾ ಎಂದ ಕೂಡಲೇ ನಮ್ಮವನು ಎಂದು ಅಂದುಕೊಳ್ಳಬೇಡಿ. ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. 1830ರಲ್ಲಿ ಫ್ರಾನ್ಸ್ ಅಲ್ಜೀರಿಯಾವನ್ನು ವಶಪಡಿಸಿಕೊಂಡಿತು. ಆಮೇಲೆ ಫ್ರಾನ್ಸ್, ಸ್ಪೇನ್, ಇಟಲಿ, ಮಾಲ್ಟಾ ಕಡೆಯಿಂದ ಜನ ಹೋಗಿ ಅಲ್ಲಿ ನೆಲೆಸಿದರು. ಒಳ್ಳೆಯ ಜಮೀನು ಅವರ ಕೈ ಸೇರಿತು, ಪೌರತ್ವವೂ ಅವರಿಗೆ ಸಿಕ್ಕಿತು. ಅಲ್ಲಿಯೇ ತಲೆತಲಾಂತರದಿಂದ ಇದ್ದ ಮುಸ್ಲಿಮರು ಮಾತ್ರ ಫ್ರೆಂಚ್ ಪ್ರಜೆಗಳು, ನಾಗರಿಕರಲ್ಲ. ಅವರಿಗೆಂದೇ ಬೇರೆ ಕಾನೂನು, ಬೇರೆ ದಂಡ. ವಿಲಾಪ್ಲಾನ್ ವಲಸೆ ಬಂದ ಯುರೋಪಿಯನ್ನರ ಕಡೆಯವನು, ಬಡ ಕೆಲಸಗಾರರ ಮನೆಯವನು. ಆದ್ದರಿಂದ 'ಫ್ರಾನ್ಸ್‌ಗೆ ಆಡಿದ ಮೊದಲ ಉತ್ತರ ಆಫ್ರಿಕನ್' ಎಂದು ಅವನ ಬಗ್ಗೆ ಎಲ್ಲಾದರೂ ಓದಿದರೆ ಅದರ ಅರ್ಥ ಅಲ್ಲಿ ಹುಟ್ಟಿದವನು ಎಂದಷ್ಟೇ. ಉತ್ತರ ಆಫ್ರಿಕಾದ ಮುಸ್ಲಿಂ ಆಟಗಾರನೊಬ್ಬ ಫ್ರಾನ್ಸ್ ಜೆರ್ಸಿ ತೊಡಲು 1936ರ ತನಕ ಕಾಯಬೇಕಾಯಿತು. ಅವರು ಅಲಿ ಬೆನೂನಾ.

ಹದಿನಾರು, ಹದಿನೇಳರ ಪ್ರಾಯದಲ್ಲಿ ಹುಡುಗ ಸಮುದ್ರ ದಾಟಿ ದಕ್ಷಿಣ ಫ್ರಾನ್ಸ್‌ನ ಸೆತ್ ಎಂಬ ಬಂದರು ಊರಿಗೆ ಬಂದ. ಮೀನು, ಹಡಗು, ಉಪ್ಪುಗಾಳಿಯ ಊರು, ಅಂದರೆ ನಮಗೆ ಪರಿಚಯವಿರುವಂಥದ್ದೇ. ಅಲ್ಲಿನ ಕ್ಲಬ್‌ನಲ್ಲಿ ವಿಕ್ಟರ್ ಗಿಬ್ಸನ್ ಎಂಬ ಸ್ಕಾಟ್ಲೆಂಡಿನವನು ತಾನೂ ಆಡುತ್ತಾ ಉಳಿದವರಿಗೂ ಕಲಿಸುತ್ತಿದ್ದ. ಅವನ ಕಣ್ಣಿಗೆ ಈ ಹುಡುಗ ಬಿದ್ದ.

ವಿಲಾಪ್ಲಾನ್ ಆಡುತ್ತಿದ್ದದ್ದು ಹಾಫ್ ಬ್ಯಾಕ್ ಸ್ಥಾನದಲ್ಲಿ, ಇಂದಿನ ಲೆಕ್ಕದಲ್ಲಿ ಡಿಫೆನ್ಸಿವ್ ಮಿಡ್‌ಫೀಲ್ಡರ್. ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದರಲ್ಲಿ ಗಟ್ಟಿಗ. ಎತ್ತರದಲ್ಲಿ ಬಂದ ಚೆಂಡಿಗೆ ತಲೆ ಕೊಡುವುದರಲ್ಲಿ ಆ ಕಾಲದ ಫ್ರಾನ್ಸ್‌ನಲ್ಲಿ ಅವನನ್ನು ಮೀರಿಸುವವರು ಕಡಿಮೆ ಎಂದೇ ಹೆಸರು. ಕಸಿದ ಚೆಂಡನ್ನು ಸುಮ್ಮನೆ ಒದ್ದು ಬಿಡುವವನಲ್ಲ, ಸರಿಯಾದವನ ಕಾಲಿಗೆ ಕೊಡುವವನು. 1926ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ವಿರುದ್ಧ ಮೊದಲ ಬಾರಿ ಫ್ರಾನ್ಸ್ ತಂಡದಲ್ಲಿ ಆಡಿದ. ಮುಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 25 ಪಂದ್ಯ. ಈಗ ಅದು ದೊಡ್ಡ ಸಂಖ್ಯೆಯಂತೆ ಕಾಣುವುದಿಲ್ಲ. ಆಗ ವರ್ಷಕ್ಕೆ ಬೆರಳೆಣಿಕೆಯ ಪಂದ್ಯಗಳೇ ಇದ್ದದ್ದು, ಹಾಗಾಗಿ 25 ಎಂದರೆ ತಂಡದ ಆಧಾರಸ್ತಂಭ ಎಂದೇ ಅರ್ಥ.

ಲಕೋಟೆಯ ಹಣ

ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಕಾಣುವ ವಿಷಯಕ್ಕೆ ಈಗ ಬರೋಣ. 1920ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಫುಟ್ಬಾಲ್ ಆಡಿ ಸಂಬಳ ಪಡೆಯುವುದು ನಿಯಮಕ್ಕೆ ವಿರುದ್ಧವಾಗಿತ್ತು. ಎಲ್ಲರೂ ಹವ್ಯಾಸಿಗಳು. ಆದರೆ ಕ್ಲಬ್‌ಗಳಿಗೆ ಗೆಲ್ಲಬೇಕು, ಪ್ರೇಕ್ಷಕರು ಟಿಕೆಟ್ ಕೊಂಡು ಬರಬೇಕು. ಒಳ್ಳೆಯ ಆಟಗಾರನಿಗೆ ಬರೀ ಮಾತಿನ ಶಹಬ್ಬಾಸ್‌ಗಿರಿ ಸಾಕಾಗುತ್ತದಾ? ಆದ್ದರಿಂದ ಕ್ಲಬ್‌ನ ಧನಿಗಳು ಆಟಗಾರನಿಗೆ ತಮ್ಮ ಕಂಪೆನಿಯಲ್ಲಿ ಒಂದು ನೌಕರಿ ತೋರಿಸುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಆಳು ಮೈದಾನದಲ್ಲಿ ಇರುತ್ತಾನೆ. ಉಳಿದದ್ದು ಲಕೋಟೆಯಲ್ಲಿ.

ನಮ್ಮ ಕಡೆ ಸೆವೆನ್ಸ್ ಟೂರ್ನಮೆಂಟಿಗೆ ಹೊರಗಿನ ಆಟಗಾರರನ್ನು ಪಂದ್ಯಕ್ಕಿಷ್ಟು ಎಂದು ಕರೆಸುವುದು ಎಲ್ಲರಿಗೂ ಗೊತ್ತು. ಅದರಲ್ಲಿ ಗುಟ್ಟೇನೂ ಇಲ್ಲ. ದುಡಿಮೆಗೆ ಕೂಲಿ. ಅಲ್ಲಿ ನಡೆಯುತ್ತಿದ್ದದ್ದು ಬೇರೆ. ತೆಗೆದುಕೊಳ್ಳುವುದು ತಪ್ಪು ಎಂದು ಬರೆದಿಟ್ಟವರೇ ಕೊಡುತ್ತಿದ್ದರು. ಕೊಟ್ಟವರು, ತೆಗೆದುಕೊಂಡವರು ಮತ್ತು ನೋಡಿಯೂ ನೋಡದ ಹಾಗೆ ಕೂತ ಒಕ್ಕೂಟದವರು, ಮೂವರೂ ಒಟ್ಟಿಗೆ ಸುಳ್ಳು ಹೇಳುತ್ತಿದ್ದರು. ವಿಲಾಪ್ಲಾನ್ ಈ ಶಾಲೆಯಲ್ಲಿ ಬೇಗ ಕಲಿತ. ಯಾರು ಹೆಚ್ಚು ಕೊಡುತ್ತಾರೋ ಅವರ ಕಡೆ ಹೋಗುವುದು ಅವನ ರೂಢಿಯಾಯಿತು. ಸೆತ್‌ನಿಂದ ಮಧ್ಯದಲ್ಲಿ ವೆರ್ಜೆಝ್ ಎಂಬ ಸಣ್ಣ ಊರಿನ ಕ್ಲಬ್‌ಗೆ ಹೋದ, ಮರಳಿ ಬಂದ. 1927ರಲ್ಲಿ ಸೆತ್‌ನ ಬದ್ಧ ಎದುರಾಳಿ ನೀಮ್ ಕ್ಲಬ್ ಸೇರಿದ. 1929ರಲ್ಲಿ ಪ್ಯಾರಿಸ್‌ನ ಪ್ರತಿಷ್ಠಿತ ರೇಸಿಂಗ್ ಕ್ಲಬ್ ಅವನನ್ನು ಸೆಳೆದುಕೊಂಡಿತು.

ಹೆಚ್ಚು ಕೂಲಿ ಸಿಗುವಲ್ಲಿಗೆ ಹೋದದ್ದನ್ನು ನಾನು ತಪ್ಪು ಎನ್ನುವುದಿಲ್ಲ. ನಮ್ಮ ಎಷ್ಟು ಮನೆಗಳ ಗಂಡಸರು ಗಲ್ಫ್‌ಗೆ ಹೋದದ್ದು ಅದಕ್ಕೇ ಅಲ್ಲವಾ. ವಿಲಾಪ್ಲಾನ್ ವಿಷಯದಲ್ಲಿ ಗಮನಿಸಬೇಕಾದದ್ದು ಹಣ ಹೇಗೆ ಬಂತು ಮತ್ತು ಎಲ್ಲಿಗೆ ಹೋಯಿತು ಎಂಬುದನ್ನು. ಲೆಕ್ಕವಿಲ್ಲದೆ ಬಂದದ್ದು ಲೆಕ್ಕವಿಲ್ಲದೆ ಹೋಯಿತು. ಪ್ಯಾರಿಸ್‌ನ ಕ್ಯಾಬರೆ, ಬಾರ್, ಅದಕ್ಕಿಂತ ಹೆಚ್ಚಾಗಿ ಕುದುರೆ ಜೂಜಿನ ಮೈದಾನ. ಆ ಮೈದಾನಗಳಲ್ಲಿ ಅವನಿಗೆ ಭೂಗತ ಲೋಕದ ಜನರ ಪರಿಚಯವಾಯಿತು. ಫುಟ್ಬಾಲ್‌ಗಿಂತ ಆ ಪರಿಚಯಗಳೇ ಅವನ ಜೀವನವನ್ನು ನಡೆಸಿದವು.

ಮಾಂಟೆವಿಡಿಯೊದ ಚಳಿಯಲ್ಲಿ

1930ರ ವಿಶ್ವಕಪ್‌ಗೆ ಯುರೋಪಿನ ದೊಡ್ಡ ದೇಶಗಳು ಹೋಗಲು ಮನಸ್ಸು ಮಾಡಲಿಲ್ಲ. ಉರುಗ್ವೆ ಎಂದರೆ ಅಟ್ಲಾಂಟಿಕ್ ದಾಟಿ ಎರಡು ವಾರದ ಹಡಗು ಪ್ರಯಾಣ, ಹೋಗಿ ಬರಲು ಎರಡು ತಿಂಗಳು. ಕೊನೆಗೆ ಹೋದದ್ದು ನಾಲ್ಕೇ ದೇಶ: ಫ್ರಾನ್ಸ್, ಬೆಲ್ಜಿಯಂ, ರೊಮೇನಿಯಾ, ಯುಗೊಸ್ಲಾವಿಯಾ. ಫಿಫಾ ಅಧ್ಯಕ್ಷ ಜೂಲ್ ರಿಮೆ ಫ್ರೆಂಚರಾದ ಕಾರಣ ಫ್ರಾನ್ಸ್‌ಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಆದರೂ ಎಲ್ಲ ಆಟಗಾರರಿಗೆ ರಜೆ ಸಿಗಲಿಲ್ಲ. ತಂಡದ ಉಸ್ತುವಾರಿ ಗಾಸ್ತೋಂ ಬಾರೋ ಅವರೇ ಸಂಗೀತ ಶಾಲೆಯ ನೌಕರಿ ಬಿಟ್ಟು ಹೋಗಲಾಗದೆ ಊರಲ್ಲಿ ಉಳಿದರು. ಜೂನ್ 21ರಂದು ದಕ್ಷಿಣ ಫ್ರಾನ್ಸ್‌ನ ವಿಲ್‌ಫ್ರಾಂಶ್ ಬಂದರಿನಲ್ಲಿ ತಂಡ 'ಕಾಂಟೆ ವೆರ್ಡೆ' ಎಂಬ ಇಟಲಿಯ ಹಡಗು ಹತ್ತಿತು. ರಿಮೆಯವರೂ ಅದರಲ್ಲೇ, ಅವರ ಸಾಮಾನಿನೊಳಗೆ ವಿಶ್ವಕಪ್ ಟ್ರೋಫಿಯೂ ಇತ್ತು. ರೊಮೇನಿಯಾ, ಬೆಲ್ಜಿಯಂ ತಂಡಗಳೂ ಅದೇ ಹಡಗಿನಲ್ಲಿ. ರಿಯೊದಲ್ಲಿ ಬ್ರೆಝಿಲ್ ತಂಡವೂ ಹತ್ತಿಕೊಂಡಿತು. ಡೆಕ್ ಮೇಲೆ ಓಡುವುದು, ಜಿಗಿಯುವುದು, ಇಷ್ಟೇ ತರಬೇತಿ.

ಒಂದು ವಿಷಯ ಇಲ್ಲಿ ನೆನಪಿಸಲೇಬೇಕು. ಅದೇ 1930, ಫ್ರಾನ್ಸ್ ಅಲ್ಜೀರಿಯಾವನ್ನು ಹಿಡಿದು 100 ವರ್ಷವಾದ ವರ್ಷ. ಅದನ್ನು ಫ್ರೆಂಚ್ ಸರಕಾರ ದೊಡ್ಡ ಹಬ್ಬದ ಹಾಗೆ ಆಚರಿಸಿತು. ಗೆದ್ದವರಿಗೆ ಹಬ್ಬ, ಸೋತವರು ತಲೆ ತಗ್ಗಿಸಿ ನಿಂತು ನೋಡಬೇಕಾದ ಮೆರವಣಿಗೆ. ಆ ವರ್ಷವೇ ಅಲ್ಜಿಯರ್ಸ್‌ನಲ್ಲಿ ಹುಟ್ಟಿದ ಒಬ್ಬ ಫ್ರಾನ್ಸ್ ತಂಡದ ನಾಯಕನಾಗಿ ಮೈದಾನಕ್ಕಿಳಿದ.

ಜುಲೈ 13, ರವಿವಾರ, ಮಧ್ಯಾಹ್ನ 3 ಗಂಟೆ. ಮಾಂಟೆವಿಡಿಯೊದ ಪೊಸಿಟೋಸ್ ಎಂಬ ಸಣ್ಣ ಮೈದಾನ. ಜುಲೈ ಅಲ್ಲಿ ಚಳಿಗಾಲ. ಎದುರಾಳಿ ಮೆಕ್ಸಿಕೊ. 19ನೇ ನಿಮಿಷದಲ್ಲಿ ಲೂಸಿಯೆನ್ ಲೊರಾಂ ಎಂಬ ಗಿಡ್ಡ ದೇಹದ ಆಟಗಾರ, ಬಲಗಡೆಯಿಂದ ಬಂದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಒದ್ದು ಗೋಲು ಮಾಡಿದರು. ವಿಶ್ವಕಪ್ ಇತಿಹಾಸದ ಮೊದಲ ಗೋಲು ಅದು. ಸ್ವಲ್ಪ ಹೊತ್ತಿನಲ್ಲಿ ಫ್ರಾನ್ಸ್ ಗೋಲ್‌ಕೀಪರ್ ಅಲೆಕ್ಸ್ ತೆಪೊ ಅವರಿಗೆ ಪೆಟ್ಟಾಯಿತು. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಹಾಫ್ ಬ್ಯಾಕ್ ಒಬ್ಬರು ಗೋಲಿಗೆ ನಿಂತರು, ಉಳಿದ ಒಂಬತ್ತು ಮಂದಿ ಮುಂದೆ ಆಡಿ ತಂಡ 4-1ರಿಂದ ಗೆದ್ದಿತು. ಹೀಗೆ ಒಬ್ಬ ಕಡಿಮೆಯಾದ ತಂಡದ ಮಧ್ಯಭಾಗವನ್ನು ಹಿಡಿದು ನಿಲ್ಲಿಸಬೇಕಾದ್ದು ವಿಲಾಪ್ಲಾನ್ ಅಂಥವರ ಕೆಲಸ, ಅದನ್ನು ಆತ ಮಾಡಿದ. ಆ ದಿನವೇ ತನ್ನ ಬದುಕಿನ ಅತಿ ಸಂತೋಷದ ದಿನ ಎಂದು ಆತ ಹೇಳಿಕೊಂಡಿದ್ದನಂತೆ.

ಮುಂದಿನ ಪಂದ್ಯದಲ್ಲಿ ಅರ್ಜೆಂಟೀನಾದ ಎದುರು 1-0 ಸೋಲು. ಆ ಪಂದ್ಯದಲ್ಲಿ ರೆಫ್ರಿ ಆರು ನಿಮಿಷ ಬಾಕಿ ಇರುವಾಗಲೇ ಸೀಟಿ ಊದಿ, ಗಲಾಟೆಯಾಗಿ, ಮತ್ತೆ ಆಟಗಾರರನ್ನು ಕರೆದು ಆಡಿಸಿದ ಕಥೆ ಬೇರೆಯೇ ಉಂಟು. ಚಿಲಿಯ ಎದುರೂ 1-0 ಸೋತು ಫ್ರಾನ್ಸ್ ಮನೆಗೆ ಬಂತು. ವಿಲಾಪ್ಲಾನ್‌ಗೆ ಆಗ ಇಪ್ಪತ್ತೈದರ ಆಸುಪಾಸಿನ ಪ್ರಾಯ. ಒಬ್ಬ ಹಾಫ್ ಬ್ಯಾಕ್‌ಗೆ ಒಳ್ಳೆಯ ವರ್ಷಗಳು ಇನ್ನೂ ಮುಂದೆ ಇರುವ ಪ್ರಾಯ. ಆದರೆ ಫ್ರಾನ್ಸ್ ತಂಡದ ಜೊತೆ ಅದೇ ಅವನ ಕೊನೆಯ ಪ್ರವಾಸ.

ಇಳಿಜಾರು

1932ರಲ್ಲಿ ಫ್ರಾನ್ಸ್ ಕೊನೆಗೂ ವೃತ್ತಿಪರ ಲೀಗ್ ಶುರು ಮಾಡಿತು. ಈಗ ಸಂಬಳ ಬಹಿರಂಗವಾಗಿ ತೆಗೆದುಕೊಳ್ಳಬಹುದು. 20 ಕ್ಲಬ್, ಎರಡು ಗುಂಪು, ಗುಂಪಿನಲ್ಲಿ ಮೊದಲು ಬಂದವರ ನಡುವೆ ಫೈನಲ್. ವಿಲಾಪ್ಲಾನ್ ಸಮುದ್ರ ತೀರದ ಆಂತೀಬ್ ಕ್ಲಬ್ ಸೇರಿದ. ಆಂತೀಬ್ ತನ್ನ ಗುಂಪಿನಲ್ಲಿ ಮೊದಲು ಬಂತು. ಅಷ್ಟರಲ್ಲಿ ಎದುರಾಳಿ ಕ್ಲಬ್‌ಗೆ ಲಂಚ ಕೊಟ್ಟು ಒಂದು ಪಂದ್ಯ ಗೆದ್ದದ್ದು ಎಂಬ ವಿಷಯ ಹೊರಬಿತ್ತು. ಆಂತೀಬ್ ಅನರ್ಹವಾಯಿತು, ಅದರ ಜಾಗದಲ್ಲಿ ಕಾನ್ ಕ್ಲಬ್ ಫೈನಲ್ ಆಡಿ ಲಿಲ್ ತಂಡದೆದುರು 4-3ರಿಂದ ಸೋತಿತು. ತಪ್ಪು ಹೊತ್ತುಕೊಂಡದ್ದು ಆಂತೀಬ್‌ನ ತರಬೇತುದಾರ. ಇದರ ಹಿಂದೆ ವಿಲಾಪ್ಲಾನ್ ಮತ್ತು ಅವನ ಸೆತ್ ಕಾಲದ ಗೆಳೆಯರ ಕೈ ಇತ್ತು ಎಂಬ ಮಾತು ಜೋರಾಗಿಯೇ ಇತ್ತು, ಶಿಕ್ಷೆ ಮಾತ್ರ ಆಗಲಿಲ್ಲ. ಗಮನಿಸಿ, ಫ್ರಾನ್ಸ್‌ನ ಮೊದಲ ವೃತ್ತಿಪರ ಋತುವಿನಲ್ಲೇ ಮೊದಲ ಫಿಕ್ಸಿಂಗ್ ಹಗರಣ.

ನಂತರ ನೀಸ್ ಕ್ಲಬ್. ಅಲ್ಲಿ ತರಬೇತಿಗೆ ಬರುವುದೇ ಇಲ್ಲ, ಬಂದರೂ ಮನಸ್ಸಿಲ್ಲ, ದಂಡದ ಮೇಲೆ ದಂಡ. ಕ್ಲಬ್ ಕೆಳ ದರ್ಜೆಗೆ ಬಿತ್ತು, ಅವನನ್ನು ಬಿಟ್ಟುಬಿಟ್ಟಿತು. ಹದಿಹರೆಯದಲ್ಲಿ ಅವನನ್ನು ಗುರುತಿಸಿದ ಗಿಬ್ಸನ್‌ಗೆ ಮಾತ್ರ ಇನ್ನೂ ಅವನ ಮೇಲೆ ಕರುಣೆ ಇತ್ತು. ಬೋರ್ಡೋದ ಒಂದು ಎರಡನೇ ದರ್ಜೆಯ ಕ್ಲಬ್‌ಗೆ ಕರೆಸಿಕೊಂಡ. ಮೂರು ತಿಂಗಳಲ್ಲಿ ಅವನಿಗೂ ಸಾಕಾಯಿತು. ಅಲ್ಲಿಗೆ ಫುಟ್ಬಾಲ್ ಮುಗಿಯಿತು. 1935ರಲ್ಲಿ ಪತ್ರಿಕೆಗಳಲ್ಲಿ ಅವನ ಹೆಸರು ಮತ್ತೆ ಬಂತು, ಕ್ರೀಡಾ ಪುಟದಲ್ಲಿ ಅಲ್ಲ. ಕುದುರೆ ಓಟಗಳನ್ನು ಮೊದಲೇ ನಿಗದಿ ಮಾಡಿ ಜೂಜಿನ ಹಣ ಹೊಡೆದ ಕೇಸಿನಲ್ಲಿ ಜೈಲು.

ವಿಶ್ವಕಪ್ ನಾಯಕತ್ವದಿಂದ ಜೈಲಿಗೆ ಐದು ವರ್ಷ. ಯಾವ ದಿನ ಆತ ಕೆಟ್ಟ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ, ಅದೇ ಇದರಲ್ಲಿ ಹೆದರಿಕೆ ಹುಟ್ಟಿಸುವ ಸಂಗತಿ. ಲಕೋಟೆ ತೆಗೆದುಕೊಂಡಾಗ ಯಾರೂ ಕೇಳಲಿಲ್ಲ. ಪಂದ್ಯ ಕೊಂಡಾಗ ಬೇರೆಯವನು ಸಿಕ್ಕಿಬಿದ್ದ. ಮೊಬೈಲ್‌ನಲ್ಲಿ ಐಪಿಎಲ್ ಬೆಟ್ಟಿಂಗ್ ಆಡುವ ನಮ್ಮ ಹುಡುಗರು 'ಬರೀ ನೂರು ರೂಪಾಯಿ ಕಾಕಾ' ಎನ್ನುವಾಗ ನನಗೆ ಈ ಮನುಷ್ಯ ನೆನಪಾಗುವುದುಂಟು.

ಲೊರಿಸ್ಟನ್ ಬೀದಿ, ಮನೆ ನಂಬರ್ 93

1940ರ ಜೂನ್‌ನಲ್ಲಿ ಹಿಟ್ಲರನ ಸೇನೆ ಪ್ಯಾರಿಸ್ ಹಿಡಿಯಿತು. ಸೋತ ಫ್ರಾನ್ಸ್ ಜರ್ಮನಿಗೆ ದಿನಕ್ಕೆ 40 ಕೋಟಿ ಫ್ರಾಂಕ್ 'ಆಕ್ರಮಣದ ಖರ್ಚು' ಕೊಡಬೇಕಾಗಿತ್ತು. ಅಂದರೆ ತನ್ನನ್ನು ಹಿಡಿದಿಟ್ಟ ಸೇನೆಯ ಸಾಕುವ ಖರ್ಚನ್ನೂ ತಾನೇ ಕೊಡುವುದು. ಈ ಹಣ ಹಿಡಿದುಕೊಂಡು ಜರ್ಮನ್ನರು ಕಾಳಸಂತೆಯಲ್ಲಿ ಬಟ್ಟೆ, ಚರ್ಮ, ಲೋಹ, ಚಿನ್ನ, ಸಿಕ್ಕಿದ್ದನ್ನೆಲ್ಲ ಖರೀದಿಸಿದರು. ಹಾಗೆ ಖರೀದಿಸಿ ಕೊಡಲು ಅವರಿಗೆ ಊರಿನ ಸಂದುಗೊಂದು ಗೊತ್ತಿರುವ ಜನ ಬೇಕಿತ್ತು. ಕಳ್ಳರು, ದಲ್ಲಾಳಿಗಳು, ಜೈಲಿನಿಂದ ಬಂದವರು ರಾತ್ರಿ ಬೆಳಗಾಗುವುದರೊಳಗೆ ಧನಿಗಳಾದರು.

ಅಂಥವರಲ್ಲಿ ಒಬ್ಬ ಆನ್ರಿ ಲಾಫೋಂ, ಹಳೆಯ ಜೈಲುಹಕ್ಕಿ. ಅವನ ಬಲಗೈ ಪಿಯರ್ ಬೊನಿ, ಕೆಲಸ ಕಳೆದುಕೊಂಡ ಮಾಜಿ ಪೊಲೀಸ್ ಇನ್‌ಸ್ಪೆಕ್ಟರ್. ಪ್ಯಾರಿಸ್‌ನ ಲೊರಿಸ್ಟನ್ ಬೀದಿಯ 93ನೇ ನಂಬರಿನ ಕಟ್ಟಡ ಇವರ ಅಡ್ಡೆ. ನಾಝಿ ಗುಪ್ತ ಪೊಲೀಸ್ ಗೆಸ್ಟಪೊಗೆ ಫ್ರೆಂಚರೇ ಸೇರಿ ಮಾಡಿದ ಅಂಗಸಂಸ್ಥೆ ಎನ್ನಬಹುದು. ಸುಲಿಗೆ, ಚಿತ್ರಹಿಂಸೆ, ಅಡಗಿದ್ದ ಯಹೂದಿಯರನ್ನೂ ಪ್ರತಿರೋಧ ಹೋರಾಟಗಾರರನ್ನೂ ಹಿಡಿದುಕೊಡುವುದು ಇವರ ಕೆಲಸ. ಕಾಳಸಂತೆ, ಚಿನ್ನ, ಕುದುರೆ ಜೂಜಿನ ಹಳೆಯ ಪರಿಚಯಗಳ ದಾರಿಯಲ್ಲಿ ವಿಲಾಪ್ಲಾನ್ ಈ ಬಾಗಿಲಿಗೆ ಬಂದು ಮುಟ್ಟಿದ.

1944ರ ಆರಂಭದಲ್ಲಿ ಲಾಫೋಂ ಒಂದು ಸಶಸ್ತ್ರ ದಳ ಕಟ್ಟಿದ. ಹೆಸರು 'ಉತ್ತರ ಆಫ್ರಿಕಾ ದಳ'. ಇದರಲ್ಲಿ ಅವನ ಜೊತೆಗಾರ ಮುಹಮ್ಮದ್ ಅಲ್ ಮಾದಿ, ಅಲ್ಜೀರಿಯಾ ಮೂಲದ ಮಾಜಿ ಫ್ರೆಂಚ್ ಸೇನಾಧಿಕಾರಿ. ಪ್ಯಾರಿಸ್‌ನ ಬಡ ಬೀದಿಗಳಲ್ಲಿ ಕೆಲಸವಿಲ್ಲದೆ, ಮರ್ಯಾದೆಯೂ ಇಲ್ಲದೆ ಇದ್ದ ಉತ್ತರ ಆಫ್ರಿಕಾದ ಯುವಕರಿಗೆ, ಮತ್ತು ಅವರ ನಡುವಿನ ಪುಂಡರಿಗೆ, ಸಂಬಳ ಮತ್ತು ಸಮವಸ್ತ್ರ ಕೊಟ್ಟರು. ಫ್ರಾನ್ಸ್ ನಿಮ್ಮ ನೆಲ ಕಿತ್ತುಕೊಂಡಿದೆ, ಜರ್ಮನಿ ಬಿಡಿಸಿ ಕೊಡುತ್ತದೆ ಎಂಬ ಮಾತನ್ನೂ ಕೊಟ್ಟರು. ಮೊದಲರ್ಧ ನಿಜವೇ ಆಗಿತ್ತು. ಎರಡನೆಯ ಅರ್ಧವನ್ನು ನಂಬಿಸಲು ಆ ನಿಜವನ್ನೇ ಬಳಸಿಕೊಂಡರು. ದಳವನ್ನು ಐದು ತುಕಡಿ ಮಾಡಿದರು. ಒಂದು ತುಕಡಿಯ ಮುಖ್ಯಸ್ಥ ವಿಲಾಪ್ಲಾನ್. ಫ್ರಾನ್ಸ್ ನಾಯಕನಾಗಿದ್ದವನು ಈಗ ಜರ್ಮನ್ ಎಸ್‌ಎಸ್ ಪಡೆಯ ಅಧಿಕಾರಿಯ ದರ್ಜೆಯಲ್ಲಿ ನಿಂತ.

ಅವರನ್ನು ಕಳುಹಿಸಿದ್ದು ನೈಋತ್ಯ ಫ್ರಾನ್ಸ್‌ನ ದೊರ್ದೊನ್ ಪ್ರಾಂತಕ್ಕೆ. ಕಾಡು, ಹಳ್ಳಿ, ಪ್ರತಿರೋಧ ಹೋರಾಟಗಾರರ ಪ್ರದೇಶ ಅದು. ಹಳ್ಳಿಗೆ ಹಳ್ಳಿ ನುಗ್ಗಿ ಕೊಳ್ಳೆ, ಹಿಂಸೆ, ಕೊಲೆ. 1944ರ ಜೂನ್ 11ರಂದು ಮುಸ್ಸಿದಾನ್ ಎಂಬ ಊರಿನಲ್ಲಿ 52 ಜನರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದ ಹತ್ಯಾಕಾಂಡದಲ್ಲಿ ಈ ದಳದ ಕೈ ಇತ್ತು. ಕನಿಷ್ಠ 10 ಕೊಲೆಗಳಲ್ಲಿ ವಿಲಾಪ್ಲಾನ್‌ನ ನೇರ ಪಾತ್ರ ಇತ್ತು ಎಂಬುದು ಮುಂದೆ ವಿಚಾರಣೆಯಲ್ಲಿ ಅವನ ಮೇಲೆ ಬಂದ ಆರೋಪ. ಇನ್ನೊಂದು ಸಂಗತಿಯೂ ಅಲ್ಲಿ ಹೊರಬಂತು. ಜರ್ಮನಿ ಸೋಲುವುದು ಖಚಿತ ಎಂದು ಕಂಡಾಗ ಆತ ಎರಡೂ ಕಡೆ ಆಡತೊಡಗಿದ್ದ. ಹಿಡಿದವರ ಮನೆಯವರಿಗೆ ಕನಿಕರದ ಮುಖ ತೋರಿಸಿ, ನಿಮ್ಮವನನ್ನು ಉಳಿಸುತ್ತೇನೆ, ನನ್ನ ತಲೆ ಹೋದರೂ ಚಿಂತಿಲ್ಲ ಎಂಬಂತೆ ಮಾತನಾಡಿ, ಆ ಮೇಲೆ ಹಣ ಕೇಳುತ್ತಿದ್ದ. ಪ್ರಾಣಭಿಕ್ಷೆಗೂ ದರ ಇಟ್ಟ. ಪಂದ್ಯ ಮೊದಲೇ ನಿಗದಿ ಮಾಡಿದವನ ಹಳೆಯ ಚಾಳಿಯೇ ಅದು.

ನಾವು ಮುಚ್ಚಿಡಬೇಕಾಗಿಲ್ಲ

ಆ ದಳದಲ್ಲಿ ಇದ್ದವರಲ್ಲಿ ಹೆಚ್ಚಿನವರು ಹೆಸರಿಗಾದರೂ ಮುಸ್ಲಿಮರು. ಇದನ್ನು ಹೇಳದೆ ಬಿಟ್ಟು ಕಥೆ ಬರೆಯಬಹುದಿತ್ತು. ಆದರೆ ಹೇಳಿ, ಅದರ ಪಕ್ಕದಲ್ಲಿ ಉಳಿದ ಲೆಕ್ಕವನ್ನೂ ಇಡುವುದು ಸರಿ. ಆ ದಳದಲ್ಲಿ ಇದ್ದದ್ದು ಸುಮಾರು 300 ಮಂದಿ. ಅದೇ 1944ರ ಆಗಸ್ಟ್‌ನಲ್ಲಿ ದಕ್ಷಿಣ ಫ್ರಾನ್ಸ್‌ನ ತೀರದಲ್ಲಿ ಇಳಿದು ನಾಝಿಗಳನ್ನು ಓಡಿಸಿದ ಫ್ರೆಂಚ್ ಸೇನೆಯಲ್ಲಿ ಅಲ್ಜೀರಿಯಾ, ಮೊರಾಕ್ಕೊ, ಟ್ಯುನೀಶಿಯಾದಿಂದ ಬಂದವರು ಲಕ್ಷಕ್ಕೂ ಹೆಚ್ಚು. ಮಾರ್ಸೆಯ್ ನಗರದ ಎತ್ತರದ ಗುಡ್ಡದ ಮೇಲಿರುವ ಚರ್ಚ್ ಅನ್ನು ಆಗಸ್ಟ್ 25ರಂದು ಜರ್ಮನ್ನರಿಂದ ಬಿಡಿಸಿಕೊಂಡದ್ದು ಅಲ್ಜೀರಿಯಾದ ಸಿಪಾಯಿಗಳ ತುಕಡಿ.

ಅವರ ನಡುವೆ ಫುಟ್ಬಾಲ್ ಆಟಗಾರರೂ ಇದ್ದರು. ಒಬ್ಬರ ಹೆಸರು ಅಹ್ಮದ್ ಬೆನ್ ಬೆಲ್ಲಾ. 1940ರಲ್ಲಿ ಮಾರ್ಸೆಯ್ ಕ್ಲಬ್ ಪರ ಆಡಿ ಗೋಲು ಹೊಡೆದವರು. ಇಟಲಿಯ ಮಾಂಟೆ ಕಸಿನೊ ಯುದ್ಧದಲ್ಲಿ ಹೋರಾಡಿ ಫ್ರಾನ್ಸ್‌ನ ಸೇನಾ ಪದಕ ಪಡೆದರು. ಅದೇ ಫ್ರಾನ್ಸ್ ತನ್ನ ದೇಶದವರಿಗೆ ಸ್ವಾತಂತ್ರ್ಯ ಕೊಡದಾಗ ಅದರ ವಿರುದ್ಧವೂ ಹೋರಾಡಿ, ಜೈಲು ಕಂಡು, ಕೊನೆಗೆ ಸ್ವತಂತ್ರ ಅಲ್ಜೀರಿಯಾದ ಮೊದಲ ಅಧ್ಯಕ್ಷರಾದರು. ಫ್ರಾನ್ಸ್ ಮಾಡಿದ ಅನ್ಯಾಯ ಅವರಿಗೆ ಅಲ್ ಮಾದಿಗಿಂತ ಕಡಿಮೆ ಗೊತ್ತಿತ್ತು ಎಂದೇನೂ ಅಲ್ಲ. ಹಿಟ್ಲರನ ಹೆಗಲ ಮೇಲೆ ಕೈ ಹಾಕಿ ನ್ಯಾಯ ಕೇಳಲು ಹೋಗಲಿಲ್ಲ, ಅಷ್ಟೇ.

ವಿಲಾಪ್ಲಾನ್‌ನ ಸ್ವಂತ ತಂಡದ ಕಡೆಗೂ ಒಮ್ಮೆ ನೋಡಿ. ಮಾಂಟೆವಿಡಿಯೊಗೆ ಹೋದ ತಂಡದಲ್ಲಿದ್ದ ಡಿಫೆಂಡರ್ ಎತಿಯೆನ್ ಮಾತ್ಲೆರ್ ನಾಝಿಗಳ ವಿರುದ್ಧ ಪ್ರತಿರೋಧಕ್ಕೆ ಸೇರಿ, ಸೆರೆ ಸಿಕ್ಕಿ, ಹಿಂಸೆ ತಿಂದರು. ಮೊದಲ ಗೋಲು ಹೊಡೆದ ಲೊರಾಂ ಜರ್ಮನ್ನರ ಯುದ್ಧ ಕೈದಿಯಾಗಿ ಮೂರು ವರ್ಷ ಕಳೆದರು. ಒಂದೇ ಹಡಗು, ಒಂದೇ ಜೆರ್ಸಿ. ಬಡತನವೋ ವಸಾಹತುಶಾಹಿಯೋ ವಿಲಾಪ್ಲಾನ್‌ನನ್ನು ಹಾಳು ಮಾಡಿತು ಎಂದು ಬರೆಯುವವರು ಇದ್ದಾರೆ. ಲಕೋಟೆ ಕೊಟ್ಟು ಕಲಿಸಿದ ಕ್ಲಬ್‌ಗಳ ಪಾಲು ಅದರಲ್ಲಿ ಉಂಟು ಎಂದು ನಾನೂ ಒಪ್ಪುತ್ತೇನೆ. ಆದರೆ ಮಾತ್ಲೆರ್ ಇದ್ದದ್ದೂ ಅದೇ ಫುಟ್ಬಾಲ್ ಲೋಕದಲ್ಲೇ.

ಪ್ಯಾರಿಸ್ 1944ರ ಆಗಸ್ಟ್ 25ರಂದು ಬಿಡುಗಡೆಯಾಯಿತು. ಲಾಫೋಂ ಮತ್ತು ಬೊನಿ ಹಳ್ಳಿಯ ತೋಟದ ಮನೆಯೊಂದರಲ್ಲಿ ಅಡಗಿದ್ದಲ್ಲಿ ಸಿಕ್ಕಿಬಿದ್ದರು. ಡಿಸೆಂಬರ್‌ನಲ್ಲಿ ವಿಚಾರಣೆ ನಡೆಯಿತು. ವಿಲಾಪ್ಲಾನ್‌ಗೂ ಅವರ ಜೊತೆಗೇ ಮರಣದಂಡನೆ, ಒಂದೇ ಬೆಳಗ್ಗೆ, ಒಂದೇ ಕೋಟೆಯಲ್ಲಿ. ಆಗ ಅವನಿಗೆ ಸುಮಾರು ನಲವತ್ತು ವರ್ಷ.

ಲೊರಾಂ ಸೆರೆಯಿಂದ ಬಿಡುಗಡೆಯಾಗಿ ಬಂದು ಬೆಝಾನ್ಸೋನ್ ಎಂಬ ಊರಿನಲ್ಲಿ 1946ರ ತನಕ ಆಡಿದರು, ನಂತರ ಹುಡುಗರಿಗೆ ಆಟ ಕಲಿಸಿದರು. ಕಾರ್ಖಾನೆ ಕೆಲಸಗಾರನಾಗಿ ವಿಶ್ವಕಪ್‌ಗೆ ಹೋದವರು ಅವರು, ಮೊದಲ ಗೋಲಿನ ಬೆಲೆ ಏನೆಂದು ದಶಕಗಳ ಕಾಲ ಯಾರೂ ಅವರನ್ನು ಕೇಳಲಿಲ್ಲ. 1998ರಲ್ಲಿ ಫ್ರಾನ್ಸ್ ತನ್ನ ನೆಲದಲ್ಲೇ ವಿಶ್ವಕಪ್ ಎತ್ತಿದಾಗ ಅವರಿಗೆ 90 ವರ್ಷ. 1930ರ ಆ ತಂಡದಲ್ಲಿ ಅದನ್ನು ನೋಡಲು ಉಳಿದಿದ್ದವರು ಅವರೊಬ್ಬರೇ. ಫೈನಲ್‌ನ ಮೊದಲ ಎರಡು ಗೋಲು ಹೊಡೆದದ್ದು ಅಲ್ಜೀರಿಯಾದ ಕುಟುಂಬದ ಝೈನುದ್ದೀನ್ ಝಿದಾನ್.